ದೊಡ್ಡಮ್ಮನ ಇಪ್ಪತ್ತು ಕರಿ ತಟ್ಟೆಗಳು

ನಮ್ಮ ದೊಡ್ಡಮ್ಮ ಓಡಿದ್ದನ್ನು ನಾನು ಜೀವಮಾನದಲ್ಲಿ ಒಂದೇ ಸಲ ನೋಡಿದ್ದು. ಕಣ್ಣೆದುರೇ ಬಸ್ಸು ಹೊರಟುಹೋಗುತ್ತಿದ್ದರೂ ಅವಳು ಓಡುವವಳಲ್ಲ. 'ಇನ್ನೊಂದು ಬರತ್ತೆ ಬಿಡು' ಎಂದು ಬೆಂಚಿನ ಮೇಲೆ ಆರಾಮಾಗಿ ಕೂರುವ ಪೈಕಿ. ಅಂಥವಳು ತನ್ನ ಐವತ್ಮೂರನೆಯ ವಯಸ್ಸಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಚಪ್ಪಲಿ ಒಂದು ಕಡೆ ಕೈಚೀಲ ಒಂದು ಕಡೆ ಬಿಟ್ಟು, ಪಾರ್ಕಿನ ಹುಲ್ಲಿನ ಮೇಲೆ ಒಡೆದ ಪ್ಲಾಸ್ಟಿಕ್ ತಟ್ಟೆಯೊಂದರ ಚೂರುಗಳತ್ತ ಓಡಿದಳು. ಪಾಪ, ಅಳುತ್ತಾ ಓಡುತ್ತಿದ್ದಾಳೆ ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ನಗುತ್ತಿದ್ದಳು.

ಅದು ಹೇಗಾಯಿತು ಎನ್ನುವುದನ್ನು ಮೊದಲಿನಿಂದ ಹೇಳುತ್ತೇನೆ.

ದೊಡ್ಡಮ್ಮ ಎಂದರೆ ನಮ್ಮಮ್ಮನ ಅಕ್ಕ. ನನಗೆ ಮಾತ್ರ ದೊಡ್ಡಮ್ಮನಲ್ಲ, ಅವಳು ಕೆಲಸ ಮಾಡುವ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಬಾಗಿಲು ಕಾಯುವವರಿಂದ ಹಿಡಿದು ಎಲ್ಲರಿಗೂ ದೊಡ್ಡಮ್ಮನೇ. ಮಾಲೀಕರೊಬ್ಬರು ಮಾತ್ರ 'ಅಕ್ಕ' ಅನ್ನುತ್ತಾರೆ, ವಯಸ್ಸಿನಲ್ಲಿ ಅವರು ಅವಳಿಗಿಂತ ಎರಡೇ ವರ್ಷ ಚಿಕ್ಕವರು. ಮೂರನೇ ನಂಬರ್ ಮೆಷಿನ್ ಅವಳದು. ಇಪ್ಪತ್ತಾರು ವರ್ಷದಿಂದ ಅವಳದೇ. ಮೇಲಿನ ಹಾಪರಿನಲ್ಲಿ ಪ್ಲಾಸ್ಟಿಕ್ ಕಾಳು ಸುರಿದರೆ ಅದು ಒಳಗೆ ಕಾದು, ಕರಗಿ, ಅಚ್ಚಿಗೆ ನುಗ್ಗಿ, ತಣ್ಣಗಾಗಿ, ಮುಂದಿನ ಬಾಗಿಲು ತೆರೆದಾಗ ಬಕೆಟ್ಟೋ ಮಗ್ಗೋ ಆಗಿ ಕೈಗೆ ಬರುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಮೆಷಿನ್ನಿನ ಸದ್ದಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ದೊಡ್ಡಮ್ಮ ಊಟದ ಡಬ್ಬಿ ಮುಚ್ಚಿಟ್ಟು ಎದ್ದು ಹೋಗುತ್ತಾಳೆ. 'ಅದಕ್ಕೆ ಗಂಟಲು ಕಟ್ಟಿದೆ' ಅನ್ನುತ್ತಾಳೆ. ಬಿಚ್ಚಿ ನೋಡಿದರೆ ಎಲ್ಲೋ ಒಂದು ಕಡೆ ಸುಟ್ಟ ಪ್ಲಾಸ್ಟಿಕ್ ಕಟ್ಟಿಕೊಂಡಿರುತ್ತದೆ.

ನಾನು ಓದು ಮುಗಿಸಿ ಅದೇ ಕಾರ್ಖಾನೆಯಲ್ಲಿ ತೂಕ ನೋಡುವ, ತಪ್ಪು ಹುಡುಕುವ ಕೆಲಸಕ್ಕೆ ಸೇರಿದೆ. ಮೂರನೇ ನಂಬರಿನಿಂದ ಬಂದ ಮಾಲಿನಲ್ಲಿ ತಪ್ಪು ಹುಡುಕುವುದೆಂದರೆ ಮನೆಯಲ್ಲಿ ಊಟ ಬೇಡವೆಂದ ಹಾಗೆ. 'ಏನೇ ಪುಟ್ಟಿ, ನನ್ನ ಬಕೆಟ್ಟಲ್ಲಿ ತೂತು ಕಂಡಿತಾ?' ಎಂದು ಎಲ್ಲರೆದುರು ಕೇಳಿ ನನ್ನ ಮುಖ ಕೆಂಪಗೆ ಮಾಡುತ್ತಿದ್ದಳು.

ಮೂರು ವರ್ಷದ ಹಿಂದೆ ಮಾಲೀಕರು ಒಂದು ಹೊಸ ಅಚ್ಚು ತರಿಸಿದರು. ಅದರಲ್ಲಿ ಆಗುವುದು ಬಕೆಟ್ಟಲ್ಲ, ಒಂದು ಗೇಣಗಲದ ತಟ್ಟೆ. ಡಿಸ್ಕ್ ಗಾಲ್ಫ್ ಎಂಬ ಆಟಕ್ಕೆ ಬೇಕಾದದ್ದು. ಗಾಲ್ಫಿನಲ್ಲಿ ಚೆಂಡನ್ನು ಕೋಲಿನಿಂದ ಹೊಡೆದು ಗುಳಿಗೆ ಬೀಳಿಸುತ್ತಾರಲ್ಲ, ಇಲ್ಲಿ ತಟ್ಟೆಯನ್ನು ಕೈಯಿಂದ ಬೀಸಿ ದೂರದ ಬುಟ್ಟಿಗೆ ಬೀಳಿಸಬೇಕು. ಕಂಬಕ್ಕೆ ಸಿಕ್ಕಿಸಿದ ಬುಟ್ಟಿಯ ಮೇಲೆ ಸರಪಳಿಗಳು ಇಳಿಬಿದ್ದಿರುತ್ತವೆ. ತಟ್ಟೆ ಅವಕ್ಕೆ ಬಡಿದು ಬುಟ್ಟಿಯೊಳಗೆ ಕೂರಬೇಕು. ಕಡಿಮೆ ಎಸೆತದಲ್ಲಿ ಯಾರು ಮುಗಿಸುತ್ತಾರೋ ಅವರೇ ಗೆದ್ದ ಹಾಗೆ.

ಮೊದಲ ತಟ್ಟೆ ಕೈಗೆ ಬಂದಾಗ ದೊಡ್ಡಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಮೂಗು ಮುರಿದಳು. 'ಊಟಕ್ಕೂ ಆಗಲ್ಲ, ಮುಚ್ಚಳಕ್ಕೂ ಆಗಲ್ಲ. ದೊಡ್ಡೋರು ಇದನ್ನ ಎಸೆದು, ತಾವೇ ಹೋಗಿ ಎತ್ಕೊಂಡು ಬರ್ತಾರಾ? ಮಾಡೋಕೆ ಬೇರೆ ಕೆಲಸ ಇಲ್ವಾ?'

ಹಾಗೆಂದವಳು ಮೂರು ವರ್ಷದಲ್ಲಿ ನಲವತ್ತು ಸಾವಿರ ತಟ್ಟೆ ಅಚ್ಚು ಹಾಕಿದಳು. ಒಂದನ್ನೂ ಎಸೆದು ನೋಡಲಿಲ್ಲ.

ಅಷ್ಟು ಮಾಡಿದ ಮೇಲೆ ಕೆಟ್ಟವೂ ಇರುತ್ತವಲ್ಲ. ಬಣ್ಣ ಕಲಸಿದ್ದು, ಅಂಚು ಸೊಟ್ಟಗಾದದ್ದು, ತೂಕ ಬಾರದ್ದು, ಜೊತೆಗೆ ಅಚ್ಚಿನಿಂದ ತಟ್ಟೆಗೆ ಅಂಟಿಕೊಂಡು ಬಂದು ಕತ್ತರಿಸಿ ಬಿಸಾಡಿದ ಪ್ಲಾಸ್ಟಿಕ್ ಬಾಲಗಳು. ಎಲ್ಲವೂ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಚೀಲ ಚೀಲವಾಗಿ ಕೂತಿದ್ದವು. ಒಂದು ದಿನ ದೊಡ್ಡಮ್ಮ ಸುಮ್ಮನೆ ಎಣಿಸಿದಳು. ನಲವತ್ತೊಂದು ಚೀಲ. ಆವತ್ತು ಅವಳಿಗೆ ಊಟ ರುಚಿಸಲಿಲ್ಲ.

'ಇಷ್ಟೊಂದು ಮಾಡಿ ಮಾಡಿ ಮೂಲೆಗೆ ಹಾಕಿದೀನಲ್ಲೇ! ನನ್ನ ಕೈಯಾರೆ!'

ಮಾಲೀಕರನ್ನು ಕೇಳಿ ಎರಡು ಚೀಲ ಪುಡಿ ಮಾಡಿಸಿದಳು, ತೊಳೆದಳು, ಹಾಪರಿಗೆ ಸುರಿದಳು. ಬಂದ ತಟ್ಟೆ ಮಳೆನೀರು ನಿಂತ ಮಣ್ಣಿನ ಬಣ್ಣಕ್ಕಿತ್ತು. ಆದರೂ ತಟ್ಟೆಯೇ. ಅದನ್ನು ನನ್ನ ತಕ್ಕಡಿಯ ಪಕ್ಕ ಇಟ್ಟು, 'ಇದೂ ನೋಡು' ಎಂದು ಹೋದಳು.

ಡ್ರಿಲ್ ಮೇಷ್ಟ್ರು ಬಂದದ್ದು ಆ ವಾರವೇ. ಶಾಲೆಯಲ್ಲಿ ಮಕ್ಕಳಿಗೆ ಆಟ ಆಡಿಸುವ ಮೇಷ್ಟ್ರು ಅವರು. ಊರಿನ ಡಿಸ್ಕ್ ಗಾಲ್ಫ್ ಕ್ಲಬ್ಬಿಗೂ ಅವರೇ ಮುಖ್ಯಸ್ಥರು. ಎತ್ತರದ ಆಳು, ದೊಡ್ಡ ಗಂಟಲು, ಕತ್ತಿನಲ್ಲಿ ಯಾವಾಗಲೂ ಸೀಟಿ. ಮುಂದಿನ ತಿಂಗಳ ಪಂದ್ಯಕ್ಕೆ ಮುನ್ನೂರು ಡಿಸ್ಕ್ ಬೇಕೆಂದು ಹೇಳಲು ಬಂದವರು ನನ್ನ ಮೇಜಿನ ಮೇಲಿನ ಮಣ್ಣು ಬಣ್ಣದ ತಟ್ಟೆ ಎತ್ತಿಕೊಂಡರು.

'ಇದೇನಿದು?'

'ಮರುಬಳಕೆ ಸಾರ್. ಹಳೇ ಡಿಸ್ಕ್ ಪುಡಿ ಮಾಡಿ ಮಾಡಿದ್ದು' ಎಂದೆ.

ಬೆರಳಿನಿಂದ ಟಕ್ಕೆಂದು ತಟ್ಟಿ ಕೆಳಗಿಟ್ಟರು. 'ಕಸದಲ್ಲಿ ಮಾಡಿದ್ದು ಕಸದ ಹಾಗೇ ಹಾರತ್ತೆ. ನಮಗೆ ಇದು ಬೇಡ. ಮಾಮೂಲಿ ಹೊಸ ಪ್ಲಾಸ್ಟಿಕ್ಕೇ ಬೇಕು.'

ಮೆಷಿನ್ನುಗಳ ಗದ್ದಲದಲ್ಲಿ ಪಕ್ಕದವರು ಕೂಗಿದರೂ ಕೇಳುವುದಿಲ್ಲ. ಆದರೆ 'ಕಸ' ಎಂಬ ಆ ಒಂದು ಮಾತು ಮೂರನೇ ನಂಬರಿನವರೆಗೆ ಹೇಗೆ ತಲುಪಿತೋ! ದೊಡ್ಡಮ್ಮ ಕೈಗವಸು ಕಳಚುತ್ತಾ ಬಂದು ನಿಂತಳು.

'ಏನು ಮೇಷ್ಟ್ರೇ, ಎಸೆದು ನೋಡಿದ್ರಾ?'

'ಎಸೀಬೇಕಾಗಿಲ್ಲಮ್ಮ, ಹದಿನೈದು ವರ್ಷದಿಂದ ಆಡ್ತಿದೀನಿ. ಮುಟ್ಟಿದ್ರೇ ಗೊತ್ತಾಗತ್ತೆ.'

'ಬಣ್ಣ ನೋಡಿ ಹೇಳ್ತಿದೀರಿ. ಮುಟ್ಟಿ ಅಲ್ಲ.'

'ಸರಿ, ನೀವು ಎಸೆದು ನೋಡಿದೀರಾ?'

ದೊಡ್ಡಮ್ಮ ಆ ಪ್ರಶ್ನೆ ಕೇಳಿಸದವಳಂತೆ ಕೈಗವಸುಗಳನ್ನು ಒಂದಕ್ಕೊಂದು ಬಡಿದು ಧೂಳು ಕೊಡವಿದಳು. ಮಾಲೀಕರು ಇಬ್ಬರ ಮುಖವನ್ನೂ ನೋಡಿ ಕೆಮ್ಮಿದರು. ಅಷ್ಟರಲ್ಲಿ ಅವಳೇ ಒಂದು ಉಪಾಯ ಹೇಳಿದಳು.

'ಒಂದು ಕೆಲಸ ಮಾಡೋಣ. ಹತ್ತು ತಟ್ಟೆ ಹೊಸದರಲ್ಲಿ, ಹತ್ತು ಹಳೇದರಲ್ಲಿ. ಒಂದೇ ಅಚ್ಚು. ಎಲ್ಲದಕ್ಕೂ ಕರಿ ಬಣ್ಣ ಹಾಕ್ತೀನಿ. ಯಾವುದು ಯಾವುದು ಅಂತ ಎಸೆದು ಹೇಳಿ. ಹೇಳಿಬಿಟ್ರೆ ನಾನು ಮತ್ತೆ ಈ ವಿಷಯಾನೇ ಎತ್ತಲ್ಲ.'

'ಹೇಳದೇ ಹೋದ್ರೆ?'

'ಕಸ ಅಂದಿದ್ದನ್ನ ವಾಪಸ್ ತಗೋಬೇಕು. ಅಷ್ಟೇ.'

ಮೇಷ್ಟ್ರು ಸೀಟಿ ಊದುವುದೊಂದು ಬಾಕಿ. 'ಆಯ್ತು! ಭಾನುವಾರ ಬೆಳಿಗ್ಗೆ ಏಳಕ್ಕೆ ಪಾರ್ಕಿಗೆ ಬನ್ನಿ!'

ಆ ವಾರ ಕಾರ್ಖಾನೆಯಲ್ಲಿ ಬೇರೆ ಮಾತೇ ಇಲ್ಲ. ಪ್ಯಾಕಿಂಗಿನವರು ಎರಡು ಪಕ್ಷವಾದರು. ತಟ್ಟೆಗಳ ಒಳ ಅಂಚಿಗೆ ಒಂದರಿಂದ ಇಪ್ಪತ್ತರವರೆಗೆ ನಂಬರ್ ಕೆತ್ತಿದ್ದು ನಾನು. ಆದರೆ ಯಾವ ನಂಬರ್ ಯಾವ ಪ್ಲಾಸ್ಟಿಕ್ ಎಂಬುದು ನನಗೂ ಗೊತ್ತಿಲ್ಲ. ಆ ಚೀಟಿ ದೊಡ್ಡಮ್ಮನ ಕನ್ನಡಕದ ಡಬ್ಬಿಯೊಳಗೆ ಭದ್ರವಾಗಿತ್ತು. ದೊಡ್ಡಪ್ಪ ಕೇಳಿದರೂ ತೋರಿಸಲಿಲ್ಲ. ದೊಡ್ಡಪ್ಪ ಶಾಲಾ ಬಸ್ಸಿನ ಚಾಲಕರು, ಮಾತು ಕಡಿಮೆ, ಹಾರ್ನ್ ಜಾಸ್ತಿ. 'ಮಲಗುವಾಗ್ಲೂ ಕನ್ನಡಕದ ಡಬ್ಬಿ ತಲೆ ಹತ್ರಾನೇ ಇಟ್ಕೋತಾಳೆ' ಎಂದು ನನಗೆ ದೂರು ಹೇಳಿದರು.

ಭಾನುವಾರ ಪಾರ್ಕಿನಲ್ಲಿ ಎಸೆಯಲು ಮೂವರಿದ್ದರು. ಡ್ರಿಲ್ ಮೇಷ್ಟ್ರು, ಕ್ಲಬ್ಬಿನ ಹಲ್ಲಿನ ಡಾಕ್ಟರು, ಆಮೇಲೆ ನಿವೃತ್ತ ಲೈನ್‌ಮನ್ ಅಜ್ಜ. ಡಾಕ್ಟರು ತೆಳ್ಳಗಿನ ಹೆಂಗಸು, ಎಡಗೈಯವರು. ಲೈನ್‌ಮನ್ ಅಜ್ಜ ವಿದ್ಯುತ್ ಕಂಬ ಹತ್ತಿ ಹತ್ತಿ ಗಟ್ಟಿಯಾದ ತೋಳಿನವರು, ಎಪ್ಪತ್ತಾದರೂ ಮೇಷ್ಟ್ರಷ್ಟೇ ದೂರ ಎಸೆಯುತ್ತಾರಂತೆ. ಅಳತೆಯ ಟೇಪು ಹಿಡಿದು ನಾನು ಮೈದಾನದ ನಡುವೆ ನಿಂತೆ.

'ನೀವು ಆ ಕಡೆ ತಿರುಗಿ ನಿಂತ್ಕೊಳ್ಳಿ' ಎಂದು ಡಾಕ್ಟರು ದೊಡ್ಡಮ್ಮನಿಗೆ ಹೇಳಿದರು. 'ನಿಮ್ಮ ಮುಖ ನೋಡಿದ್ರೆ ಉತ್ತರ ಗೊತ್ತಾಗಿಬಿಡತ್ತೆ.'

ದೊಡ್ಡಮ್ಮ ಬೆನ್ನು ತಿರುಗಿಸಿ ನಿಂತಳು. ಮೇಷ್ಟ್ರು ಮೊದಲನೆಯದನ್ನು ಬೀಸಿದರು. ಕರಿ ತಟ್ಟೆ ಸುಯ್ಯೆಂದು ಗಾಳಿ ಸೀಳಿಕೊಂಡು ಹೋಗಿ, ಕೊನೆಯಲ್ಲಿ ಒಂಚೂರು ಎಡಕ್ಕೆ ವಾಲಿ ಇಳಿಯಿತು. ಎಪ್ಪತ್ತೆರಡು ಮೀಟರ್. 'ಹೊಸದು' ಎಂದರು. ಎರಡನೆಯದು ಅರ್ಧ ದಾರಿಗೇ ಎಡಕ್ಕೆ ಕತ್ತು ತಿರುಗಿಸಿ ಕೆಳಗೆ ಬಿತ್ತು. ಐವತ್ತೇಳು ಮೀಟರ್. 'ಇದು ಕಸ... ಅಲ್ಲ, ಮರುಬಳಕೆ.' ಮೂರನೆಯದು, ನಾಲ್ಕನೆಯದು. ಮೇಷ್ಟ್ರಿಗೆ ಯೋಚಿಸುವ ಕೆಲಸವೇ ಇರಲಿಲ್ಲ. ಮೂವರೂ ಇಪ್ಪತ್ತಿಪ್ಪತ್ತು ಎಸೆದು ಮುಗಿಸುವ ಹೊತ್ತಿಗೆ ಫಲಿತಾಂಶ ಕುರುಡರಿಗೂ ಕಾಣುವಂತಿತ್ತು. ಚೀಟಿ ತೆಗೆದು ಹೋಲಿಸಿದೆವು. ಮೇಷ್ಟ್ರು ಇಪ್ಪತ್ತರಲ್ಲಿ ಹದಿನೆಂಟು ಸರಿ ಹೇಳಿದ್ದರು.

ಸಾಲದು ಎಂಬಂತೆ, ಕೊನೆಯದಾಗಿ ಲೈನ್‌ಮನ್ ಅಜ್ಜ ಸುಮ್ಮನೆ ಬೀಸಿದ ಒಂದು ತಟ್ಟೆ ಮರಕ್ಕೆ ಬಡಿದು ಹಪ್ಪಳದ ಹಾಗೆ ಚೂರಾಯಿತು. ಚೀಟಿ ನೋಡಿದರೆ ಅದೂ ನಮ್ಮದೇ, ಹಳೆಯ ಪ್ಲಾಸ್ಟಿಕ್ಕಿನದೇ.

ನನ್ನ ಮುಖ ಸಪ್ಪಗಾಯಿತು. ಮೇಷ್ಟ್ರಿಗೂ ಗೆದ್ದೆನೆಂದು ಬೀಗಲು ಮನಸ್ಸಾಗಲಿಲ್ಲ, 'ಹೋಗ್ಲಿ ಬಿಡಮ್ಮ' ಎಂದು ಏನೋ ಸಮಾಧಾನ ಹೇಳಲು ಹೊರಟರು. ಆಗಲೇ ದೊಡ್ಡಮ್ಮ ಓಡಿದ್ದು. ಮರದ ಬುಡದಲ್ಲಿ ಮಂಡಿಯೂರಿ ಚೂರುಗಳನ್ನು ಮಡಿಲಿಗೆ ತುಂಬಿಕೊಳ್ಳುತ್ತಾ ನಗುತ್ತಿದ್ದಳು.

'ದೊಡ್ಡಮ್ಮಾ, ಏನಾಯ್ತೇ?'

'ಒಂದೇ ಕಡೆ ಕಣೇ ಪುಟ್ಟಿ! ಎಲ್ಲಾ ಒಂದೇ ಕಡೆ ತಿರುಗಿದ್ವು! ಬೆನ್ನು ತಿರುಗಿಸಿದ್ರೂ ಕೈಚೀಲದ ಕನ್ನಡೀಲಿ ನೋಡ್ತಾನೇ ಇದ್ದೆ. ಬಲಗೈಯವರು ಎಸೆದಿದ್ದು ಎಡಕ್ಕೆ, ಡಾಕ್ಟರಮ್ಮ ಎಡಗೈಲಿ ಎಸೆದಿದ್ದು, ಸುತ್ತು ಉಲ್ಟಾ ಆಗೋದ್ರಿಂದ, ಬಲಕ್ಕೆ. ಹತ್ತೂ ಹಾಗೇ!'

'ಸೋತ್ವಲ್ಲ ದೊಡ್ಡಮ್ಮ?'

'ಅಯ್ಯೋ ಪೆದ್ದಿ! ಪ್ಲಾಸ್ಟಿಕ್ಕೇ ಕೆಟ್ಟದ್ದಾಗಿದ್ರೆ ಒಂದೊಂದು ಒಂದೊಂದು ಕಡೆ ಹೋಗ್ತಿತ್ತು. ಹತ್ತೂ ಒಂದೇ ಥರ ತಿರುಗಿದ್ವು ಅಂದ್ರೆ ಹತ್ತರಲ್ಲೂ ಒಂದೇ ತಪ್ಪಿದೆ. ಒಂದೇ ತಪ್ಪಾದ್ರೆ ಹಿಡೀಬಹುದು! ಅದು ಪ್ಲಾಸ್ಟಿಕ್ಕಿನ ತಪ್ಪಲ್ಲ ಕಣೇ, ನನ್ನ ತಪ್ಪು!'

ತನ್ನ ತಪ್ಪು ಎಂದು ಇಷ್ಟು ಖುಷಿಯಿಂದ ಹೇಳಿಕೊಂಡವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಎದ್ದು ನಿಂತು ಮೇಷ್ಟ್ರ ಕಡೆಗೆ ಕೂಗಿದಳು: 'ಮೇಷ್ಟ್ರೇ, ಮಾತು ಮಾತೇ. ನೀವು ಬೇಡ ಅಂದ್ರೆ ನಾನು ಈ ವಿಷಯ ಎತ್ತಲ್ಲ. ಆದ್ರೆ ಎರಡು ವಾರ ಕೊಟ್ರೆ...'

ಮೇಷ್ಟ್ರು ಆಟಗಾರರು. ಸೋತವರು ಇನ್ನೊಂದು ಆಟ ಕೇಳಿದರೆ ಇಲ್ಲವೆನ್ನುವ ಜಾತಿಯವರಲ್ಲ. 'ಎರಡು ವಾರ' ಎಂದು ಎರಡು ಬೆರಳು ಎತ್ತಿದರು.

ಅಂದು ಮಧ್ಯಾಹ್ನವೇ ದೊಡ್ಡಮ್ಮನ ಊಟದ ಮೇಜು ಪ್ರಯೋಗಶಾಲೆಯಾಯಿತು. ದೊಡ್ಡಪ್ಪ ಊಟದ ತಟ್ಟೆ ಹಿಡಿದುಕೊಂಡು ಸೋಫಾಕ್ಕೆ ವರ್ಗವಾದರು. ಗೋಡೆಯ ಚಿತ್ರಪಟವೊಂದರ ಗಾಜು ಬಿಚ್ಚಿ, ಮೇಜಿನ ಮೇಲಿಟ್ಟು, ಅದರ ಮೇಲೆ ಒಂದು ಹೊಸ ತಟ್ಟೆ, ಒಂದು ಹಳೆಯದು ಬೋರಲು ಹಾಕಿದಳು. ಕಾಗದದ ತುಂಡನ್ನು ಅಂಚಿನ ಕೆಳಗೆ ತೂರಿಸಿ ನೋಡಿದಳು. ಹೊಸದು ಗಾಜಿಗೆ ಅಂಟಿಕೊಂಡಂತೆ ಕೂತಿತ್ತು. ಹಳೆಯದರ ಕೆಳಗೆ ಎರಡು ಕಾಗದ ಸಲೀಸಾಗಿ ಹೋಯಿತು.

'ಅಂಚು ಎದ್ದಿದೆ! ನೋಡು, ನೋಡು!'

ಎರಡೇ ಕಾಗದದ ದಪ್ಪ. ಅಷ್ಟಕ್ಕೆ ಹದಿನೈದು ಮೀಟರ್ ಕಡಿಮೆ ಹೋಯಿತಲ್ಲ ಎಂದು ನನಗೆ ನಂಬಲಾಗಲಿಲ್ಲ. ತೂಕವನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ಆಗ ನೋಡಿದೆ. ಹೊಸದು ನೂರ ಎಪ್ಪತ್ತೈದು ಗ್ರಾಂ, ಹಳೆಯದು ನೂರ ಎಪ್ಪತ್ತೊಂದು. ಅಚ್ಚು ಒಂದೇ ಆದ ಮೇಲೆ ನಾಲ್ಕು ಗ್ರಾಂ ಎಲ್ಲಿ ಮಾಯವಾಯಿತು? ದೊಡ್ಡಪ್ಪನ ಗರಗಸ ತಂದು ಒಂದನ್ನು ಅಡ್ಡಕ್ಕೆ ಕೊಯ್ದಳು. ಅಂಚಿನ ದಪ್ಪ ಭಾಗದೊಳಗೆ ಸಾಸಿವೆಗಿಂತ ಸಣ್ಣ ಸಣ್ಣ ಗುಳ್ಳೆಗಳು, ಬ್ರೆಡ್ಡಿನ ಒಳಗಿರುವ ಹಾಗೆ.

'ನೀರು' ಎಂದು ದೊಡ್ಡಮ್ಮ ಹಣೆ ಚಚ್ಚಿಕೊಂಡಳು. 'ತೊಳೆದು ಒಣಗಿಸಿದ್ದು ಸಾಲಲಿಲ್ಲ. ಮೇಲೆ ಒಣಗಿತ್ತು, ಒಳಗೆ ಇತ್ತು. ಮೆಷಿನ್ನಲ್ಲಿ ಆವಿಯಾಗಿ ಗುಳ್ಳೆ ಕಟ್ಟಿದೆ.'

ಇನ್ನು ಉಳಿದದ್ದು ಚೂರಾದ ತಟ್ಟೆ. ಅದರ ಮುರಿದ ಅಂಚನ್ನು ಉಗುರಿನಿಂದ ಕೆರೆದರೆ ಈರುಳ್ಳಿಯ ಹಾಗೆ ಪದರ ಪದರ ಬಿಡುತ್ತಿತ್ತು. ಸೋಮವಾರ ಶೆಡ್ಡಿನ ಬಾಗಿಲು ತೆರೆದಿಟ್ಟು, ಒಂದು ಚೂರನ್ನು ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ ಆರಿಸಿದಳು. ಹೊಗೆ ಮೂಗಿನ ಹತ್ತಿರ ಸುಳಿದದ್ದೇ ತಡ, ಕಣ್ಣು ಅಗಲವಾಯಿತು.

'ಮೇಣದಬತ್ತಿ ವಾಸನೆ! ನಮ್ಮ ತಟ್ಟೆ ಪ್ಲಾಸ್ಟಿಕ್ಕಿಗೆ ಈ ವಾಸನೆ ಇಲ್ಲ, ಅದು ಘಾಟು. ಇದರಲ್ಲಿ ಕ್ರೇಟು ಸೇರಿದೆ. ಎರಡನೇ ನಂಬರಿನ ಕ್ರೇಟು!'

ಹಣ್ಣು ತುಂಬುವ ಕ್ರೇಟುಗಳನ್ನು ಮಾಡುವ ಎರಡನೇ ಮೆಷಿನ್ನಿನ ಚೂರುಪಾರೂ ಅದೇ ಶೆಡ್ಡಿಗೆ ಬರುತ್ತಿತ್ತು. ಎರಡು ಜಾತಿಯ ಪ್ಲಾಸ್ಟಿಕ್ ಒಂದಕ್ಕೊಂದು ಸೇರುವುದಿಲ್ಲ. ಕರಗಿಸಿದಾಗ ಒಂದಾದಂತೆ ಕಂಡರೂ ತಣ್ಣಗಾದ ಮೇಲೆ ಪದರ ಬಿಟ್ಟುಕೊಂಡು ಸಿಡಿಯುತ್ತದೆ. ದೊಡ್ಡಮ್ಮ ನೇರ ಮಾಲೀಕರ ಕೋಣೆಗೆ ಹೋದಳು.

'ಚೀಲದಲ್ಲಿ ಕ್ರೇಟು ಕಲಸಿದ್ದು ಯಾರು?'

ಮಾಲೀಕರು ಪೆನ್ನು ಕೆಳಗಿಟ್ಟು, ಮೇಲೆ ನೋಡಿ, ಕೆಳಗೆ ನೋಡಿ, ಕೊನೆಗೆ ಒಪ್ಪಿಕೊಂಡರು. 'ಅಕ್ಕ... ಎಲ್ಲಾ ಪ್ಲಾಸ್ಟಿಕ್ಕೇ ಅಲ್ವಾ, ಒಟ್ಟಿಗೇ ಹಾಕಿ ಅಂತ ನಾನೇ ಹೇಳಿದ್ದೆ.'

'ಹಾಗಾದ್ರೆ ನೀವೂ ಬನ್ನಿ, ಅಂಗಿ ತೋಳು ಮಡಿಸಿ!'

ಚೂರುಗಳನ್ನು ಬೇರೆ ಮಾಡುವ ಉಪಾಯ ಅವಳಿಗೆ ಗೊತ್ತಿತ್ತು. ದೊಡ್ಡ ತೊಟ್ಟಿಗೆ ನೀರು ತುಂಬಿಸಿ ಪುಡಿ ಸುರಿದರೆ ತಟ್ಟೆಯ ಪ್ಲಾಸ್ಟಿಕ್ ಮುಳುಗುತ್ತದೆ, ಕ್ರೇಟಿನದು ತೇಲುತ್ತದೆ. ಎಂಟು ಸಂಜೆ ಅದೇ ಕೆಲಸ. ದೊಡ್ಡಮ್ಮ ಸುರಿಯುವುದು, ನಾನು ಜರಡಿಯಿಂದ ತೇಲಿದ್ದನ್ನು ಬಾಚುವುದು, ಮಾಲೀಕರು ಮೊಣಕೈವರೆಗೆ ಒದ್ದೆ ಮಾಡಿಕೊಂಡು ತಳದ್ದನ್ನು ಎತ್ತುವುದು. ಮೊದಲ ಸಂಜೆ ಗೊಣಗಿದವರು ಮೂರನೆಯ ಸಂಜೆಗೆ ಯಾರೂ ಕರೆಯದೆಯೇ ಬಂದು ನಿಂತರು. 'ಅಕ್ಕ, ಈ ಚೀಲದಲ್ಲಿ ಎಷ್ಟು ತೇಲತ್ತೆ ಅಂತ ಹೇಳಿ ನೋಡೋಣ' ಎಂದು ಆಟ ಬೇರೆ ಶುರು ಮಾಡಿದರು.

ಆಮೇಲೆ ಒಣಗಿಸುವುದು. ಬಿಸಿಗಾಳಿಯಲ್ಲಿ ಕಾಳು ಒಣಗಿಸುವ ಒಂದು ಡ್ರಮ್ಮು ವರ್ಷಾನುಗಟ್ಟಲೆಯಿಂದ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು, ಬಕೆಟ್ಟಿಗೆ ಅದು ಬೇಕಾಗುತ್ತಿರಲಿಲ್ಲ. ಅದನ್ನು ಒರೆಸಿ, ತಂತಿ ಹೊಸದು ಹಾಕಿಸಿ, ನಾಲ್ಕು ಗಂಟೆ ಓಡಿಸಿದಳು. ಹೊರಗೆ ಬಂದ ತಟ್ಟೆಯ ತೂಕ ನೂರ ಎಪ್ಪತ್ತೈದು! ನಾನು ಕಿರುಚಿದ್ದಕ್ಕೆ ಪ್ಯಾಕಿಂಗಿನವರೆಲ್ಲ ಓಡಿ ಬಂದರು. ಆದರೆ ಗಾಜಿನ ಮೇಲಿಟ್ಟರೆ ಒಂದು ಕಾಗದ ಇನ್ನೂ ತೂರುತ್ತಿತ್ತು. ಅಚ್ಚಿನೊಳಗೆ ತಣಿಯುವ ಹೊತ್ತನ್ನು ಎರಡು ಸೆಕೆಂಡ್ ಹೆಚ್ಚಿಸಿದಳು. ಇನ್ನೂ ತೂರಿತು. ನಾಲ್ಕು. ತೂರಿತು, ಆದರೆ ಬಿಗಿಯಾಗಿ. ಆರು ಸೆಕೆಂಡ್ ಹೆಚ್ಚಿಸಿ ತೆಗೆದದ್ದನ್ನು ಒಂದು ದಿನ ಹಾಗೇ ಬಿಟ್ಟು ಮಾರನೆಯ ದಿನ ಪರೀಕ್ಷಿಸಿದೆವು. ಕಾಗದ ಅಂಚಿನ ಹತ್ತಿರ ಬಂದು ನಿಂತುಬಿಟ್ಟಿತು. ಒಳಗೆ ಹೋಗಲೊಲ್ಲದು. ದೊಡ್ಡಮ್ಮ ನನ್ನ ಎರಡೂ ಕೆನ್ನೆ ಹಿಂಡಿದಳು. ಕೈಯಲ್ಲಿದ್ದ ಮೆಷಿನ್ ಎಣ್ಣೆ ಮನೆಗೆ ಹೋಗಿ ತೊಳೆಯುವವರೆಗೂ ನನ್ನ ಮುಖದ ಮೇಲಿತ್ತು.

ಎರಡನೆಯ ಭಾನುವಾರ ಪಾರ್ಕಿನಲ್ಲಿ ಜಾಗವಿರಲಿಲ್ಲ. ಕಾರ್ಖಾನೆಯ ಮುಕ್ಕಾಲು ಮಂದಿ, ಕ್ಲಬ್ಬಿನವರು, ಬೆಳಗಿನ ನಡಿಗೆಗೆ ಬಂದು ಏನೆಂದು ಕೇಳಿ ಅಲ್ಲೇ ನಿಂತವರು. ದೊಡ್ಡಪ್ಪ ಖಾಲಿ ಬಸ್ಸನ್ನೇ ತಂದು ಬೇಲಿಯಾಚೆ ನಿಲ್ಲಿಸಿ ಚಾಲಕನ ಸೀಟಿನಿಂದಲೇ ನೋಡುತ್ತಿದ್ದರು. ಈ ಸಲ ಡಾಕ್ಟರು ದೊಡ್ಡಮ್ಮನ ಕೈಚೀಲದ ಕನ್ನಡಿಯನ್ನೂ ಕಿತ್ತುಕೊಂಡರು.

ಮತ್ತೆ ಹತ್ತು ಹತ್ತರಂತೆ ಮಾಡಿದ್ದ ಇಪ್ಪತ್ತು ಕರಿ ತಟ್ಟೆಗಳಲ್ಲಿ ಮೊದಲನೆಯದನ್ನು ಮೇಷ್ಟ್ರು ಎಸೆದರು. ಉದ್ದಕ್ಕೆ ಹೋಗಿ, ಕೊನೆಯಲ್ಲಿ ಒಂಚೂರು ಎಡಕ್ಕೆ ವಾಲಿ ಇಳಿಯಿತು. 'ಹೊಸದು.' ಎರಡನೆಯದೂ ಹಾಗೇ. 'ಹೊಸದು.' ಮೂರನೆಯದೂ ಹಾಗೇ. ಮೇಷ್ಟ್ರು ತಡೆದರು. ನಾಲ್ಕನೆಯದನ್ನು ಮೂಸಿ ನೋಡಿದರು, ಕಿವಿಯ ಹತ್ತಿರ ಹಿಡಿದು ತಟ್ಟಿದರು. ಯಾರೋ ಹಿಂದಿನಿಂದ 'ಕಚ್ಚಿ ನೋಡಿ ಮೇಷ್ಟ್ರೇ!' ಎಂದು ಕೂಗಿದರು. ಜನ ಹೋ ಎಂದು ನಕ್ಕರು. ಹತ್ತನೆಯದು ಬರುವ ಹೊತ್ತಿಗೆ ಮೇಷ್ಟ್ರ ಹಣೆಯಲ್ಲಿ ಬೆವರು. ಹದಿನಾಲ್ಕನೆಯದು ಎಲ್ಲಕ್ಕಿಂತ ದೂರ ಹೋಯಿತು, ಎಪ್ಪತ್ತೊಂಬತ್ತು ಮೀಟರ್. ನೆಲ ಮುಟ್ಟುವ ಮೊದಲೇ ಮೇಷ್ಟ್ರು ಕೈ ಎತ್ತಿ ಕೂಗಿದರು: 'ಇದು ಹೊಸದು! ಬೇಕಾದ್ರೆ ಬರೆದುಕೊಡ್ತೀನಿ!'

ಚೀಟಿ ಓದುವ ಕೆಲಸ ನನ್ನದು. ಮೇಷ್ಟ್ರು ಇಪ್ಪತ್ತರಲ್ಲಿ ಹನ್ನೊಂದು ಸರಿ. ಡಾಕ್ಟರು ಒಂಬತ್ತು. ಲೈನ್‌ಮನ್ ಅಜ್ಜ ಸರಿಯಾಗಿ ಹತ್ತು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು.

'ಹದಿನಾಲ್ಕು? ಹದಿನಾಲ್ಕು ಏನು?' ಎಂದರು ಮೇಷ್ಟ್ರು.

ನಾನು ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಂಡೆ. 'ಮರುಬಳಕೆ ಸಾರ್.'

ಆ ಗದ್ದಲವನ್ನು ಹೇಗೆ ವರ್ಣಿಸಲಿ! ಬೇಲಿಯಾಚೆಯಿಂದ ಬಸ್ಸಿನ ಹಾರ್ನ್ ನಿಲ್ಲಿಸದೆ ಬಡಿದುಕೊಂಡಿತು. ಮಾಲೀಕರು ಗುರುತೇ ಇಲ್ಲದವರನ್ನೆಲ್ಲ ತಬ್ಬಿಕೊಂಡರು. ಮೇಷ್ಟ್ರು ದೊಡ್ಡಮ್ಮನ ಮುಂದೆ ಬಂದು ನಿಂತು, ಕತ್ತಿನ ಸೀಟಿ ತೆಗೆದು, ಅವಳ ಕೊರಳಿಗೆ ಹಾಕಿದರು.

'ಕಸ ಅಂದಿದ್ದು ವಾಪಸ್ ತಗೊಂಡೆ ಕಣಮ್ಮ. ಎಲ್ಲರೆದುರಿಗೇ.'

ದೊಡ್ಡಮ್ಮ ಹಿಗ್ಗಿದಳು. ಆದರೆ ಹಿಗ್ಗಿನಲ್ಲಿ ಮೈಮರೆಯಲಿಲ್ಲ. 'ಇನ್ನೂ ಮುಗಿದಿಲ್ಲ ಮೇಷ್ಟ್ರೇ. ಮರಕ್ಕೆ ಹೊಡೆದು ನೋಡಬೇಕು. ಒದ್ದೆ ಮಾಡಿ ನೋಡಬೇಕು.'

ಎರಡೂ ಬಗೆಯವನ್ನು ಇಪ್ಪತ್ತೈದು ಸಲ ಹತ್ತಿರದಿಂದ ಅದೇ ಮರಕ್ಕೆ ಬೀಸಿದರು. ಎರಡೂ ಒಡೆಯಲಿಲ್ಲ. ಆದರೆ ಮರುಬಳಕೆಯದರ ಅಂಚು ಬೇಗ ತರಚಿತು, ಅಲ್ಲಲ್ಲಿ ನೆಗ್ಗಿತು. ನೀರಲ್ಲಿ ಅದ್ದಿ ಹಿಡಿದಾಗ ಅದು ಬೆರಳಿನಿಂದ ತುಸು ಜಾರುತ್ತದೆ ಎಂದು ಮೂವರೂ ಹೇಳಿದರು. ದೊಡ್ಡಮ್ಮ ಅದನ್ನೆಲ್ಲ ನನ್ನಿಂದ ಬರೆಸಿದಳು. 'ಇರೋದನ್ನ ಇರೋ ಹಾಗೆ ಬರಿ. ನಾಳೆ ಯಾರಾದ್ರೂ ಕೇಳಿದ್ರೆ ನಾನೇ ಮೊದಲು ಹೇಳಬೇಕು.' ಕೊನೆಗೆ ಅವಳೇ ತೀರ್ಪು ಕೊಟ್ಟಳು: 'ಮರ ದಟ್ಟವಾಗಿರೋ ಕಡೆ ಆಡೋರಿಗೆ ಹೊಸದು ಕೊಡಿ. ಬಯಲಲ್ಲಿ ಆಡೋರಿಗೆ, ಕಲಿಯೋರಿಗೆ ಇದು ಧಾರಾಳವಾಗಿ ಸಾಕು.' ಮೇಷ್ಟ್ರು ಅಲ್ಲೇ ಮುನ್ನೂರರಲ್ಲಿ ಇನ್ನೂರು ಮರುಬಳಕೆಯವೇ ಇರಲಿ ಎಂದರು.

'ಈಗ ನನ್ನ ಸರದಿ' ಎಂದು ಅವರು ಒಂದು ಕರಿ ತಟ್ಟೆಯನ್ನು ಅವಳ ಕೈಗೆ ಕೊಟ್ಟರು. 'ಆವತ್ತು ಕೇಳಿದ್ದಕ್ಕೆ ನೀವು ಉತ್ತರಾನೇ ಕೊಡಲಿಲ್ಲ. ಎಸೀರಿ.'

'ಅಯ್ಯೋ, ನಾನು ಮಾಡೋಳು, ಎಸೆಯೋಳಲ್ಲ!'

'ದೊಡ್ಡಮ್ಮಾ! ದೊಡ್ಡಮ್ಮಾ!' ಎಂದು ಪ್ಯಾಕಿಂಗಿನವರು ಚಪ್ಪಾಳೆ ಶುರು ಮಾಡಿದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಹತ್ತು ಹೆಜ್ಜೆ ದೂರದ ಬುಟ್ಟಿಗೆ ಗುರಿಯಿಟ್ಟು ಬೀಸಿದಳು. ತಟ್ಟೆ ಬುಟ್ಟಿಯ ಕಡೆ ಬಿಟ್ಟು ಪಕ್ಕದ ಪೊದೆಗೆ ಹೋಯಿತು. ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು. ಎರಡನೆಯದು ಮಾಲೀಕರ ಮೊಣಕಾಲಿಗೆ. ಲೈನ್‌ಮನ್ ಅಜ್ಜ ಮುಂದೆ ಬಂದು, 'ಮಣಿಕಟ್ಟು ಬಗ್ಗಿಸ್ಬೇಡಮ್ಮ, ಬಾಗಿಲು ತೆಗೆಯೋ ಹಾಗೆ ತೋಳು ಬಿಚ್ಚು' ಎಂದರು. ಇಪ್ಪತ್ತಾರು ವರ್ಷ ದಿನಕ್ಕೆ ನೂರಾರು ಸಲ ಮೆಷಿನ್ನಿನ ಬಾಗಿಲು ತೆಗೆದ ತೋಳು ಅದು. ಮೂರನೆಯ ತಟ್ಟೆ ನೇರ ಹೋಗಿ ಸರಪಳಿಗೆ ಝಲ್ಲೆಂದು ಬಡಿದು ಬುಟ್ಟಿಯೊಳಗೆ ಕೂತಿತು.

ದೊಡ್ಡಮ್ಮ ಎರಡೂ ಕೈ ಬಾಯಿಗೆ ಒತ್ತಿಕೊಂಡು ನಿಂತಳು. ಆಮೇಲೆ ನನ್ನ ಕಡೆ ತಿರುಗಿ ಪಿಸುಗುಟ್ಟಿದಳು: 'ಪುಟ್ಟಿ, ಇದಕ್ಕೇ ಕಣೇ ಜನ ಎಸೆದು ಎಸೆದು ಎತ್ಕೊಂಡು ಬರೋದು!'

ಮುಂದಿನ ತಿಂಗಳು ಕ್ಲಬ್ಬಿನ ಆ ಪಂದ್ಯದಲ್ಲಿ ಐವತ್ತು ದಾಟಿದ ಹೆಂಗಸರ ವಿಭಾಗದಲ್ಲಿ ಅವಳೂ ಹೆಸರು ಕೊಟ್ಟಳು. ಒಂಬತ್ತು ಮಂದಿಯಲ್ಲಿ ಎಂಟನೆಯವಳಾಗಿ ಬಂದು, 'ಒಬ್ಬರನ್ನ ಸೋಲಿಸಿದೆ ನೋಡು!' ಎಂದು ದೊಡ್ಡಪ್ಪನಿಗೆ ವಾರವೆಲ್ಲ ಹೇಳಿದಳು. ಈಗ ಪ್ರತಿ ಭಾನುವಾರ ಪಾರ್ಕಿಗೆ ಹೋಗುತ್ತಾಳೆ, ದೊಡ್ಡಪ್ಪನನ್ನೂ ಎಳೆದುಕೊಂಡು. ಶೆಡ್ಡಿನ ಚೀಲಗಳೆಲ್ಲ ಖಾಲಿಯಾದವು. ಬೇರೆ ಊರಿನ ಕ್ಲಬ್ಬುಗಳಿಗೂ ಸುದ್ದಿ ಹೋಗಿ, ಅವರು ತಮ್ಮ ಹಳೆಯ ಡಿಸ್ಕುಗಳನ್ನು ಮೂಟೆ ಕಟ್ಟಿ ಕಳಿಸುತ್ತಾರೆ. ಮೂಟೆ ಬಂದ ದಿನ ದೊಡ್ಡಮ್ಮನನ್ನು ಹಿಡಿಯುವವರಿಲ್ಲ. ತಲೆಯನ್ನೇ ಚೀಲದೊಳಗೆ ತೂರಿಸಿ ಒಂದೊಂದನ್ನೂ ತೆಗೆದು ಅದರ ಕಥೆ ಊಹಿಸುತ್ತಾಳೆ. ಇದು ಕಲ್ಲಿಗೆ ಬಿದ್ದಿದ್ದು, ಇದು ಬಿಸಿಲಲ್ಲಿ ಕಾರಿನೊಳಗೆ ಬಾಗಿದ್ದು.

ಕಳೆದ ವಾರ ಬಂದ ಮೂಟೆಯಲ್ಲಿ ನೀಲಿ ತಟ್ಟೆಯೊಂದಿತ್ತು. ಸುತ್ತಲೂ ಅಂಚಿನ ತುಂಬ ಚುಕ್ಕಿ ಚುಕ್ಕಿ ಗುರುತು. ದೊಡ್ಡಮ್ಮ ಕನ್ನಡಕ ಏರಿಸಿ, ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡಿದಳು. ನಾಯಿ ಹಲ್ಲು. ಮರಿ ನಾಯಿಯದೇ ಇರಬೇಕು, ಸಣ್ಣ ಸಣ್ಣ ಹಲ್ಲು. ಅವಳು ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದಳು.

'ಇದನ್ನ ಪುಡಿ ಮಾಡೋಕೆ ಬಿಡಲ್ಲ ಕಣೇ' ಎಂದು ಅದನ್ನು ತೆಗೆದು ಪಕ್ಕಕ್ಕಿಟ್ಟಳು. 'ಪಾಪ, ಎಷ್ಟು ಇಷ್ಟಪಟ್ಟು ಆಡಿದೆ ನೋಡು! ಆ ಕ್ಲಬ್ಬಿನವರಿಗೆ ಫೋನ್ ಮಾಡೇ, ಮರಿ ಹೆಸರೇನು ಅಂತ ಕೇಳು.'